ಬೇರೆ ಸೋಪಿನ ವಾಸನೆ

ಇವತ್ತೂ ಗಂಡನ ತಲೆ ಒದ್ದೆಯಾಗಿತ್ತು.

ಹೊರಗೆ ಮಳೆಯಿಲ್ಲ, ಮೋಡವೂ ಇಲ್ಲ. ಚಪ್ಪಲಿ ಬಿಟ್ಟವನೇ ನೇರ ತೊಟ್ಟಿಲಿಗೆ ಹೋಗಿ ಮಗಳನ್ನು ಎತ್ತಿಕೊಂಡ. ಹಿಂದಿನಿಂದ ಹಾದುಹೋಗುವ ನೆಪದಲ್ಲಿ ಹೆಂಡತಿ ಉಸಿರೆಳೆದುಕೊಂಡಳು. ಗುಲಾಬಿ ಸೋಪು. ತಮ್ಮ ಬಚ್ಚಲಿನಲ್ಲಿದ್ದದ್ದು ನಿಂಬೆಯದು.

"ಎಲ್ಲಾಯ್ತು ಸ್ನಾನ?"

"ಕಾರ್ಖಾನೇಲೇ. ನಲ್ಲಿ ಇದೆಯಲ್ಲ."

ಸೋಫಾ ಕಾರ್ಖಾನೆಯಲ್ಲಿ ಅವನು ಫೋಮ್ ಕತ್ತರಿಸುವವನು. ಹೆರಿಗೆಗೆ ಮುಂಚೆ ಅವಳು ಎಷ್ಟೋ ಸಲ ಅಲ್ಲಿಗೆ ಊಟದ ಡಬ್ಬಿ ಒಯ್ದಿದ್ದಳು. ಆ ನಲ್ಲಿಯಲ್ಲಿ ನೆಟ್ಟಗೆ ಕೈ ತೊಳೆಯುವಷ್ಟು ನೀರೂ ಬರುತ್ತಿರಲಿಲ್ಲ.

ಮೊದಲೆಲ್ಲ ಮೈತುಂಬ ಬಿಳಿ ಪುಡಿ ಮೆತ್ತಿಕೊಂಡೇ ಬಂದು, ಅದೇ ಅಂಗಿಯಲ್ಲಿ ಮಗುವನ್ನು ಅವಚಿಕೊಳ್ಳುತ್ತಿದ್ದ. ಈಗ ಬೆಳಿಗ್ಗೆ ನೀಲಿ ಅಂಗಿಯಲ್ಲಿ ಹೋದವನು ಸಂಜೆ ಬೇರೆ ಅಂಗಿಯಲ್ಲಿ ಬರುತ್ತಾನೆ. ನೀಲಿಯದು ಒಗೆಯಲು ಬರುವುದೇ ನಿಂತಿತ್ತು. ಯಾರ ಕೈ ಒಗೆಯುತ್ತಿದೆ ಅದನ್ನು?

ಅದಕ್ಕಿಂತ ಹೊಟ್ಟೆ ಉರಿಸಿದ್ದು ಹಾಸಿಗೆ. ಮಗಳು ಹುಟ್ಟಿದಾಗ ಕಾರ್ಖಾನೆಯ ಚೂರು ಫೋಮ್ ತಂದು ಅವನೇ ಹೊಲಿದಿದ್ದ. ಮೊನ್ನೆ ಅದನ್ನು ಸುತ್ತಿಕೊಂಡು ಹೊರಟ. "ಹಳೇದಾಯ್ತು" ಎಂದನಷ್ಟೇ. ಈಗ ಯಾವಳ ಕೂಸು ಅದರ ಮೇಲೆ ಮಲಗಿದೆಯೋ ಎಂದು ಅವಳು ಕುದಿದುಹೋದಳು.

ಉರಿಯುವ ಬೆಂಕಿಗೆ ನಾದಿನಿ ತುಪ್ಪ ಸುರಿದಳು. "ಅತ್ತಿಗೆ, ನಮ್ಮಣ್ಣ ಅಂತ ಮುಚ್ಚಿಡಲ್ಲ. ಕಾರ್ಖಾನೆ ಹಿಂದಿನ ಓಣೀಲಿ ಹಸಿರು ಗೇಟಿನ ಮನೆ. ದಿನಾ ಸಂಜೆ ಹೋಗ್ತಾನೆ. ಆ ಹೆಂಗಸೇ ಬಂದು ಗೇಟು ತೆಗೀತಾಳೆ."

ಮರುದಿನ ಸಂಜೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಅವಳು ಓಣಿಯ ಮೂಲೆಯಲ್ಲಿ ನಿಂತಳು. ಗಂಡ ಬಂದ. ಆಚೀಚೆ ನೋಡಿ ಗೇಟು ತಟ್ಟಿದ. ತೆಗೆದವಳು ತನಗಿಂತ ಹಿರಿಯಳು ನಿಜ, ಆದರೆ ಎಂಥ ನಿಲುವು, ಎಂಥ ಮೈಬಣ್ಣ! ಕೈಯಲ್ಲಿ ಮಡಿಸಿದ ಟವೆಲು. ಹಾಲಿನ ಕಲೆಯಾದ ತನ್ನ ಬಟ್ಟೆಯನ್ನು ನೋಡಿಕೊಂಡ ಅವಳಿಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಕಾಲು ತಾನಾಗಿ ಹೊರಟುಬಿಟ್ಟಿತ್ತು.

ಗೇಟು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಒಳಗೆ ನೀರು ಸುರಿಯುವ ಸದ್ದು.

"ಎಲ್ಲಿ ಅವರು? ಕರೀರಿ ಹೊರಗೆ."

"ಯಾರನ್ನಮ್ಮ?" ಆ ಹೆಂಗಸು ಗಾಬರಿಯಾಗಲಿಲ್ಲ. "ಐದಾರು ಜನ ಇದ್ದಾರೆ."

ಅವಳು ಒಳನುಗ್ಗಿ ನೋಡಿದರೆ, ಹಿತ್ತಲಿನ ಬಚ್ಚಲ ಮುಂದೆ ಗಂಡಸರು ಸರದಿ ಕಾಯುತ್ತಿದ್ದರು. ಎಲ್ಲರೂ ಫೋಮ್ ಕತ್ತರಿಸುವವರು. ಪಕ್ಕದ ವಾಷಿಂಗ್ ಮಷೀನಿನಲ್ಲಿ ನೀಲಿ ಅಂಗಿಗಳು ಗಿರ್ರನೆ ತಿರುಗುತ್ತಿದ್ದವು. ಸಾಲಿನ ಕೊನೆಯಲ್ಲಿದ್ದ ಗಂಡ, ಕೈಯಲ್ಲಿನ ಟವೆಲಿನ ಸಮೇತ ಕಲ್ಲಾಗಿ ನಿಂತ.

"ಸೋಫಾಗೆ ಬೆಂಕಿ ಹತ್ತಬಾರದು ಅಂತ ಫೋಮಿಗೆ ಕೆಮಿಕಲ್ ಬೆರೆಸ್ತಾರೆ," ಎಂದಳು ಆ ಹೆಂಗಸು. "ಕತ್ತರಿಸುವಾಗ ಅದರ ಪುಡಿ ಬಟ್ಟೆಗೆ ಅಂಟಿಕೊಂಡು ಮನೆಗೆ ಬರುತ್ತೆ. ಅಂಬೆಗಾಲಿಡೋ ಮಕ್ಕಳ ಬಾಯಿಗೂ ಹೋಗುತ್ತೆ. ಬೆಳೆಯೋ ಮಕ್ಕಳಿಗೆ ಅದು ಒಳ್ಳೇದಲ್ಲಮ್ಮ. ನಿಮ್ಮ ಮಗುವಿನ ಫೋಮ್ ಹಾಸಿಗೇನೂ ನಾನೇ ತೆಗೆಸಿದ್ದು."

ಅವಳು ಗಂಡನತ್ತ ತಿರುಗಿದಳು. "ನಂಗ್ಯಾಕೆ ಹೇಳ್ಲಿಲ್ಲ?"

"ಇಷ್ಟು ತಿಂಗಳು ಆ ಬಟ್ಟೇಲೇ ಎತ್ತಾಡಿಸಿದ್ದೀನಿ. ಯಾವ ಬಾಯಲ್ಲಿ ಹೇಳ್ಲಿ?" ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ. "ನೀನು ಹೋಗಿ ಯಜಮಾನ್ರ ಹತ್ರ ಜಗಳ ಆಡ್ತೀಯ ಅಂತಾನೂ ಭಯ. ಆ ಪುಡಿ ತಿಂದ್ರೂ ಏನೂ ಆಗಲ್ಲ ಅಂತಾರೆ ಅವ್ರು. ಇಲ್ಲಿಗೆ ಬರೋದು ಗೊತ್ತಾದ್ರೆ ಎಲ್ಲರನ್ನೂ ಮನೆಗೆ ಕಳಿಸ್ತಾರೆ."

"ಬೇಗ ಮುಗಿಸ್ರಪ್ಪ, ಹೊತ್ತಾಯ್ತು," ಎಂದು ಆ ಹೆಂಗಸು ಗೇಟಿನ ಕಡೆ ನೋಡಿದಳು.

ಇಷ್ಟು ದಿನ ಮನಸ್ಸಿನಲ್ಲೇ ಜುಟ್ಟು ಹಿಡಿದು ಎಳೆದಾಡಿದ್ದ ಹೆಂಗಸು ಇವಳು. ನಾಚಿಕೆಯಿಂದ ಅವಳ ತಲೆ ತಗ್ಗಿತು. ಈ ಚೆಲುವೆ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚು ಇನ್ನೂ ಉಳಿದಿತ್ತು, ಅದನ್ನು ನುಂಗಿಕೊಂಡು ಹೇಳಿದಳು: "ತಪ್ಪು ತಿಳ್ಕೊಂಡಿದ್ದೆ ಅಕ್ಕ. ನಮ್ಮಂಥವರಿಗೋಸ್ಕರ ಬೇರೆ ಬಚ್ಚಲನ್ನೇ ಕಟ್ಟಿಸಿದ್ದೀರಿ. ನಿಮ್ಮದು ದೊಡ್ಡ ಮನಸ್ಸು."

"ನಾನು ಕಟ್ಟಿಸಿದ್ದಲ್ಲಮ್ಮ," ಆ ಹೆಂಗಸು ಮುಖ ತಿರುಗಿಸಿದಳು. "ನಮ್ಮ ಮಗಳು ಹುಟ್ಟಿದ ವರ್ಷ, ಅವಳನ್ನ ಎತ್ಕೊಳ್ಳೋ ಮುಂಚೆ ಮೈ ತೊಳ್ಕೊಳ್ಳೋಕೆ ಅಂತ, ನಿಮ್ಮ ಕಾರ್ಖಾನೆ ಯಜಮಾನ್ರು ತಮಗೋಸ್ಕರ ಕಟ್ಟಿಸ್ಕೊಂಡಿದ್ದು."