ಯಾರೀ ಸಾರ್ವಜನಿಕ?

ಸಾರ್ವಜನಿಕರ ಬೇಡಿಕೆಯಂತೆ ಹಳೇ ಮಾರುಕಟ್ಟೆ ಕೆಡವಿ ಪಾರ್ಕಿಂಗ್ ಕಟ್ಟಡ ಕಟ್ಟುತ್ತಾರೆ ಎಂಬ ನೋಟಿಸು ಗಂಗಕ್ಕನ ಚಹಾದಂಗಡಿಗೂ ಬಂತು.

"ಯಾವನೋ ತಮ್ಮಾ ಈ ಸಾರ್ವಜನಿಕ? ಕೈಗೆ ಸಿಗಲಿ, ಕುದಿಯೋ ಚಾ ತಲಿ ಮ್ಯಾಲೆ ಸುರುವತೀನಿ!"

"ನಾ ಅದೀನಲ್ಲಕ್ಕಾ!" ಎಂದು ಕಾಲೇಜಿನ ಐಡಿ ಕಾರ್ಡ್ ನೇತಾಡುತ್ತಿದ್ದ ಎದೆ ತಟ್ಟಿಕೊಂಡು ಅವಳನ್ನು ಪಾಲಿಕೆಗೆ ಕರೆದೊಯ್ದೆ. ಫೋನಿನಲ್ಲಿ ಲೈವ್ ಹಾಕಿ, ದೊಡ್ಡ ಹೋರಾಟಗಾರನಂತೆ ಮೇಜು ಗುದ್ದಿದೆ.

"ಬೇಡಿಕೆ ಇಟ್ಟೋರು ಯಾರು, ತೋರಸ್ರಿ ಸರ!"

ಗುಮಾಸ್ತ ಕಡತ ಬಿಚ್ಚಿದ. "ನಿಮ್ಮ ಕಾಲೇಜಿನ ಹುಡುಗ್ರೇ ಮನಿಮನಿ ತಿರುಗಿ ಸರ್ವೇ ಮಾಡ್ಯಾರ. ನೂರಿಪ್ಪತ್ತು ಮಂದಿ ಪಾರ್ಕಿಂಗ್ ಬೇಕಂದಾರ."

ನಾನು ಮೆಲ್ಲಗೆ ಲೈವ್ ನಿಲ್ಲಿಸಿದೆ. ಗಂಗಕ್ಕ ಹಾಳೆಗಳನ್ನು ತಿರುವಿದಳು. ಎಲ್ಲದರ ಮೇಲೂ ಚಹಾ ಲೋಟದ ದುಂಡನೆಯ ಕಲೆ.

"ತಮ್ಮಾ, ಹೋದ ತಿಂಗಳು ಬಿಸಲಂತ ನನ್ನ ಅಂಗಡ್ಯಾಗ ಕುಂತು ನೀ ಒಬ್ಬನೇ ಬರೆದಿದ್ದು ಇವೇ ಹಾಳಿ ಅಲ್ಲೇನು?"