ಅಳತೆಯ ಕುರ್ಚಿ

ಗೂಡ್ಸ್ ಆಟೋದಿಂದ ಕುರ್ಚಿ ಇಳಿಸಿದವನು ಗಂಗಲಕ್ಷ್ಮಮ್ಮನ ಹೆಸರು ಹೇಳಿದ. ತಾಯಿಯ ಹೆಸರಿಗೆ ರೇಷನ್ ಅಕ್ಕಿ ಬಿಟ್ಟು ಬೇರೇನೂ ಬಂದದ್ದನ್ನು ನಾಗಭೂಷಣ್ ಕಂಡವನಲ್ಲ. "ಮನೆ ತಪ್ಪಿ ಬಂದಿದ್ದೀಯ ಕಣಪ್ಪ," ಎಂದು ವಾಪಸ್ ಕಳಿಸಲು ಹೊರಟಿದ್ದ. ಅಷ್ಟರಲ್ಲಿ ಅರವತ್ತೆಂಟರ ಗಂಗಲಕ್ಷ್ಮಮ್ಮ ಕೈ ಒರೆಸಿಕೊಳ್ಳುತ್ತ ಹೊರಬಂದರು. "ಸರಿಯಾಗೇ ಬಂದವ್ನೆ. ಕಿಟಕಿ ಪಕ್ಕ ಇಡಪ್ಪ."

ಹಲಸಿನ ಮರದ ಕುರ್ಚಿ. ಕೈ ಊರಲು ಎರಡೂ ಕಡೆ ಅಗಲವಾದ ಹಲಗೆ.

"ಎಷ್ಟು ಕೊಟ್ಟೆ ಅವ್ವ ಇದ್ಕೆ? ಮನೇಲಿ ಸೋಫಾ ಇಲ್ವಾ?"

"ರೀ, ಕೇಳೋ ಹಂಗಿಲ್ಲ," ಎಂದಳು ಸೊಸೆ ಅರುಣಾ.

ಆ ಕಟ್ಟಳೆ ಅರುಣಾಳದೇ. ಬಾಡಿಗೆ, ಹಾಲು, ಮಕ್ಕಳ ಫೀಸು, ಚೀಟಿ ಎಲ್ಲ ತೆಗೆದಿಟ್ಟ ಮೇಲೆ ಮನೆಯ ಮೂವರು ದೊಡ್ಡವರಿಗೂ ತಿಂಗಳಿಗೆ ಎಂಟುನೂರು ಕೈಖರ್ಚು. ಏನಕ್ಕೆ ಎಂದು ಯಾರೂ ಯಾರನ್ನೂ ಕೇಳಬಾರದು. ನಾಗಭೂಷಣನದು ತಟ್ಟೆ ಇಡ್ಲಿ, ಟೀ ಅಂತ ಹತ್ತೇ ದಿನಕ್ಕೆ ಕರಗುತ್ತಿತ್ತು. ಮಿಕ್ಕ ಇಪ್ಪತ್ತು ದಿನ ಹೆಂಡತಿಯ ಮುಂದೆ ಹಲ್ಲುಗಿಂಜುವುದು. ಗಂಗಲಕ್ಷ್ಮಮ್ಮನ ದುಡ್ಡು ಯಡಿಯೂರಿನ ಹುಂಡಿ ಸೇರುತ್ತಿದೆ ಎಂದು ಎಲ್ಲರೂ ತಾವೇ ತೀರ್ಮಾನಿಸಿದ್ದರು. ವಯಸ್ಸಾದವರಿಗೆ ಬೇರೆ ಆಸೆ ಏನಿರುತ್ತದೆ? ಅವರು ಹನ್ನೊಂದು ತಿಂಗಳು ಕೂಡಿಟ್ಟು, ಒಬ್ಬರೇ ಬಸ್ಸು ಹತ್ತಿ ಗುಬ್ಬಿಗೆ ಹೋಗಿ, ಬಡಗಿಗೆ ಅಂಗಾಲಿನಿಂದ ಮಂಡಿಯವರೆಗೆ ಅಳತೆ ಕೊಟ್ಟು ಬಂದಿದ್ದರು. ಗಿಡ್ಡನೆಯ ಜೀವ. ಯಾವ ಕುರ್ಚಿಯಲ್ಲಿ ಕೂತರೂ ಕಾಲು ನೇತಾಡುತ್ತಿದ್ದವು.

"ಹೋಗ್ಲಿ, ಚೆನ್ನಾಗೈತೆ. ದೊಡ್ಡೋರು ಬಂದ್ರೆ ಕೂರ್ಸಕಾಯ್ತದೆ," ಎಂದ ನಾಗಭೂಷಣ್.

ದೊಡ್ಡವರು ಆ ಭಾನುವಾರವೇ ಬಂದರು. ಕುಣಿಗಲ್ಲಿನ ರೇವಣಸಿದ್ದಯ್ಯ, ಗಂಗಲಕ್ಷ್ಮಮ್ಮನ ತೀರಿಹೋದ ಗಂಡನ ಅಣ್ಣ, ಆರಡಿ ಆಳು. ಭಾವನವರ ಎದುರು ಗಂಗಲಕ್ಷ್ಮಮ್ಮ ಎಂದೂ ಕೂತವರಲ್ಲ. ಮದುವೆಯಾಗಿ ಬಂದಾಗಿನಿಂದ ಅಡುಗೆಮನೆ ಬಾಗಿಲಿಗೆ ಒರಗಿ ನಿಂತೇ ಮಾತು. ಮೆಟ್ಟಿಲಲ್ಲಿ ಅವರ ಕೆಮ್ಮು ಕೇಳಿದ್ದೇ ತಡ, ಕುರ್ಚಿಯಿಂದ ದಡಬಡಿಸಿ ಎದ್ದು ಬಾಗಿಲು ಸೇರಿದರು. ಅರುಣಾಗೆ ಹನ್ನೊಂದು ತಿಂಗಳ ಆಸೆ ನಾಲ್ಕು ದಿನಕ್ಕೆ ಮುಗಿಯಿತಲ್ಲ ಅನಿಸಿತು.

ರೇವಣಸಿದ್ದಯ್ಯ ಸೀದಾ ಬಂದು ಹೊಸ ಕುರ್ಚಿಯಲ್ಲೇ ಕೂತರು. ಮಂಡಿ ಎದೆಯ ತನಕ ಬಂತು.

"ಏನ್ಲಾ ಭೂಷಣ, ಬಡಗಿ ಮೋಸ ಮಾಡವ್ನಲ್ಲೋ. ಕಾಲೇ ಗಿಡ್ಡ."

"ನಾಳೇನೇ ನಾಕು ಕಾಲಿಗೂ ಮರದ ತುಂಡು ಕೊಡ್ಸಿ ಎತ್ತರ ಮಾಡ್ಸ್ತೀನಿ ದೊಡ್ಡಪ್ಪ."

ಗಂಗಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು.

"ಬಡಗಿ ತಪ್ಪಲ್ಲ ಭಾವ. ಅಳತೆ ನಂದು. ನನ್ ದುಡ್ಡಲ್ಲಿ ನಾನೇ ಮಾಡಿಸ್ಕಂಡಿದ್ದು. ನೀವು ಸೋಫಾದಲ್ಲಿ ಕೂತ್ಕಳಿ, ಕಾಲು ಚಾಚಕಾಯ್ತದೆ."

ರೇವಣಸಿದ್ದಯ್ಯ ತಮ್ಮನ ಹೆಂಡತಿಯನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿದರು. "ಅಂಗಾ," ಎಂದು ಮಂಡಿ ಹಿಡಿದುಕೊಂಡು ಎದ್ದು, ಸೋಫಾಗೆ ಹೋದರು.

ಅರುಣಾಗೆ ಅತ್ತೆಯ ಬಗ್ಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ಅವಳು ಕಾಫಿ ತರುವ ಹೊತ್ತಿಗೆ ಗಂಗಲಕ್ಷ್ಮಮ್ಮ ಭಾವನವರ ಎದುರಿಗೇ ಕೂತು, "ಕುಣಿಗಲ್ ಕಡೆ ರಾಗಿ ಹೆಂಗದೆ ಈ ಸಲ?" ಎಂದು ಕೇಳುತ್ತಿದ್ದರು. ಅವರ ಎರಡೂ ಪಾದಗಳು ಪೂರ್ತಿ ನೆಲಕ್ಕೆ ಊರಿದ್ದವು.