ಮನೆಯಲ್ಲುಳಿದ ಹೆಸರು

ಸತ್ತವರ ಹೆಸರನ್ನು ಸರ್ಕಾರದ ಸರ್ವರ್ ಅಂದೇ ಸಂಜೆ ಅಳಿಸಿಬಿಡುತ್ತಿತ್ತು. ಆಮೇಲೆ ಅದು ಯಾರ ನಾಲಗೆಗೂ ಬರುತ್ತಿರಲಿಲ್ಲ. ಮಗಳನ್ನು ಮಣ್ಣು ಮಾಡಿ ಬಂದ ಕಸ್ತೂರಿ ಹಳೆಯ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತಳು. ಒಮ್ಮೆ ಕೇಳಿ ತರಿಸಿಕೊಂಡ ಹೆಸರನ್ನು ಮನೆಯ ಮಟ್ಟಿಗೆ ಉಳಿಸಿಕೊಳ್ಳುವ ಪುಟ್ಟ ಸರ್ವರನ್ನು ಅದರಲ್ಲಿ ಹಾಕಬೇಕಿತ್ತು. ಟೈಪ್ ಮಾಡಿದ ಕಮಾಂಡ್ ಮತ್ತೆ ಮತ್ತೆ ತಪ್ಪುತ್ತಿತ್ತು.

"ಹೊತ್ತು ಮುಳುಗಾಕತ್ತೈತಿ, ಲಗೂನ ಮಾಡ," ಎಂದು ಗಂಡ ವಿರೂಪಾಕ್ಷ ಅಳುತ್ತಲೇ ಅವಸರಿಸಿದ.

ಕೊನೆಗೂ ಸರ್ವರ್ ಶುರುವಾಯಿತು. ಕಸ್ತೂರಿ ಅದರಲ್ಲಿ ಮಗಳ ಹೆಸರು ಕೇಳಿದಳು. ಅದು ಸರ್ಕಾರದ ಸರ್ವರಿನಿಂದ ಹೆಸರನ್ನು ತಂದು ಇಟ್ಟುಕೊಂಡಿತು. ಅಷ್ಟರಲ್ಲಿ ಬೀದಿದೀಪಗಳು ಹತ್ತಿದವು; ಸರ್ಕಾರದ ಸರ್ವರಿನಲ್ಲಿ ಆ ಹೆಸರು ಅಳಿಯಿತು.

ಬಾಗಿಲಿಗೆ ಬಂದ ನೆರೆಮನೆಯ ಮಲ್ಲವ್ವ, "ಯವ್ವಾ, ನಿಮ್ಮ... ಆ ಹುಡುಗಿ..." ಎಂದು ತಡವರಿಸಿದಳು. ಕಸ್ತೂರಿ ಅವಳ ಕೈ ಹಿಡಿದು ಒಳಗೆಳೆದಳು.

ಹೊಸ್ತಿಲು ದಾಟುತ್ತಲೇ ಮಲ್ಲವ್ವ, "ಅಯ್ಯೋ, ನಮ್ಮ ಚಂಪಾ!" ಎಂದು ಗೊಳೋ ಎಂದು ಅತ್ತಳು.